ಮಗಳ ಸ್ಕೂಟರಿನ ಹಿಂದಿನ ಸೀಟು

ನನ್ನ ಗಂಡನಿಗೆ ಕೆಂಪು ದೀಪ ಕಂಡರೆ ಅದೇನು ಅವಮಾನವೋ! ಇಲ್ಲಿ ಗುಜರಾತಿನಲ್ಲಿ, ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಉಡುಪಿ ಹೋಟೆಲು ಇಟ್ಟು ಹದಿನೆಂಟು ವರ್ಷವಾಯಿತು; ಅವರು ಸಿಗ್ನಲ್ಲಿಗೆ ನಿಂತದ್ದನ್ನು ನಾನು ನೋಡಿಲ್ಲ. ಹೆಲ್ಮೆಟ್ ಹಾಕಿದರೆ ತಲೆ ಬಿಸಿ, ಸುತ್ತಿ ಹೋದರೆ ಪೆಟ್ರೋಲು ದಂಡ. ನಾನು ಬಾಯಿ ತೆರೆದರೆ, "ನಿನ್ನದೊಂದು ಮಾರಾಯ್ತಿ, ಇಲ್ಲಿ ಎಲ್ಲರೂ ಹೋಗುದು ಹೀಗೇ" ಎನ್ನುತ್ತಾರೆ. ಹದಿನೈದರ ಮಗಳಿಗೆ ಸ್ಕೂಟರಿನ ಕೀಲಿ ಕೊಟ್ಟದ್ದೂ ಅವರೇ. ಲೈಸೆನ್ಸಿಗೆ ಇನ್ನೂ ಮೂರು ವರ್ಷ ಇದೆಯಲ್ಲ ಎಂದು ಕೂಗಾಡಿ ಗಂಟಲು ಒಣಗಿಸಿಕೊಂಡದ್ದಷ್ಟೇ ಬಂತು. ತಡೆಯಲಾಗದ ಮೇಲೆ ಹಿಂದೆ ಕೂತಾದರೂ ಕಾಯೋಣ, ನಾನಿದ್ದರೆ ನಿಧಾನ ಹೋಗುತ್ತಾಳೆ ಎಂದುಕೊಂಡೆ. ಎಂಥ ಪೆದ್ದಿ ನಾನು.

ಆ ದಿನ ಟ್ಯೂಷನ್ನಿಗೆ ತಡವಾಗಿತ್ತು. ಮುಂದೆ ವಾಹನಗಳ ಸಾಲು ಕಂಡದ್ದೇ ತಡ, ಅವಳು ಬಸ್ಸುಗಳಿಗೆಂದೇ ರಸ್ತೆಯ ನಡುವೆ ಬೇಲಿ ಹಾಕಿಟ್ಟ ದಾರಿಗೆ ನುಗ್ಗಿಸಿದಳು. ಎರಡೂ ಬದಿಗೆ ಕಬ್ಬಿಣದ ಸರಳು, ಬೆನ್ನ ಹಿಂದೆ ಹಾರ್ನ್ ಹೊಡೆಯುವ ಬಸ್ಸು. ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಬೈಯಲೂ ಭಯ, ಅವಳು ಉತ್ತರ ಕೊಡಲು ತಲೆ ತಿರುಗಿಸಿದರೆ? ಆ ದಾರಿ ಮುಗಿಯುವಲ್ಲಿ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ.

ಲೈಸೆನ್ಸ್ ಕೇಳಿದ. ಮಮ್ಮಿಗೆ ಎದೆನೋವು, ಮನೆಯಲ್ಲಿ ಬೇರೆ ಯಾರೂ ಇಲ್ಲ, ಆಸ್ಪತ್ರೆಗೆ ಹೊರಟಿದ್ದೇವೆ ಎಂದು ಮಗಳು ಸರಾಗವಾಗಿ ಗುಜರಾತಿಯಲ್ಲಿ ಹೇಳಿಬಿಟ್ಟಳು. ಅವನು ನನ್ನ ಮುಖ ನೋಡಿದ. ಅಲ್ಲ ಎಂದರೆ ಮಗಳು ಸಿಕ್ಕಿಬೀಳುತ್ತಾಳೆ. ನಾನು ಎದೆ ಹಿಡಿದುಕೊಂಡೆ.

ಅವನು ಒಳ್ಳೆಯವನಾಗಿದ್ದದ್ದೇ ಕಷ್ಟವಾಯಿತು. ಬೈಕು ಹತ್ತಿ, ಮುಂದೆ ದಾರಿ ಬಿಡಿಸುತ್ತ ಹತ್ತಿರದ ಆಸ್ಪತ್ರೆಗೆ ಕರೆತಂದು, ಹೋಗದೆ ಬಾಗಿಲಲ್ಲೇ ನಿಂತ. ಎಮರ್ಜೆನ್ಸಿಯಲ್ಲಿ ಖಾಲಿ ಇದ್ದದ್ದು ಒಂದೇ ಮಂಚ. ನನ್ನನ್ನು ಅದರ ಮೇಲೆ ಮಲಗಿಸಿದರು. ನನ್ನ ಹಿಂದೆಯೇ ಮುದುಕರೊಬ್ಬರನ್ನು ಗಾಲಿಕುರ್ಚಿಯಲ್ಲಿ ತಂದರು; ಬೆವರಿ ಒದ್ದೆಯಾಗಿದ್ದರು, ಏದುಸಿರು ಬಿಡುತ್ತಿದ್ದರು. ಮಂಚ ಖಾಲಿಯಾಗಲಿ, ಸ್ವಲ್ಪ ತಡೆಯಿರಿ ಎಂದು ನರ್ಸ್ ಅವರ ಜೊತೆ ಬಂದಿದ್ದ ಸೊಸೆಗೆ ಹೇಳಿದಳು.

ನನಗೆ ನಾಚಿಕೆಯಾಯಿತು. ಎದ್ದು ಕೂತೆ. ನನಗೆ ಏನೂ ಆಗಿಲ್ಲ, ನಾವು ಹೇಳಿದ್ದು ಸುಳ್ಳು, ಅವರನ್ನು ಮಲಗಿಸಿ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ.

ನರ್ಸ್ ಮಗಳ ಕಡೆ ತಿರುಗಿದಳು. ಮಗಳ ಕಣ್ಣಲ್ಲಿ ನೀರು ತುಂಬಿತ್ತು. ಮಮ್ಮಿ ಯಾವಾಗಲೂ ಹೀಗೇ, ನೋವಾದರೂ ಹೇಳುವುದಿಲ್ಲ, ಬೇರೆಯವರದ್ದೇ ಚಿಂತೆ ಎಂದು ಬಿಕ್ಕಿದಳು. ನಟಿಸುತ್ತಿದ್ದಾಳೋ, ನಿಜಕ್ಕೂ ಹೆದರಿದ್ದಾಳೋ, ಹೆತ್ತ ನನಗೇ ತಿಳಿಯಲಿಲ್ಲ.

ನರ್ಸ್ ಕರಗಿಹೋದಳು. "ಸೂಯಿ ಜಾವೋ, ಬೇನ್" ಎನ್ನುತ್ತ ನನ್ನ ಭುಜ ಒತ್ತಿ ಮತ್ತೆ ಮಲಗಿಸಿದಳು. ಮಗಳು ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದಳು, "ಮಮ್ಮಿ ಪ್ಲೀಸ್, ಏಳ್ಬೇಡ. ಪೊಲೀಸ್ ಇನ್ನೂ ಅಲ್ಲೇ ಖಡಾ ಇದ್ದಾನೆ."

ಪರದೆಯಾಚೆ ಆ ಮುದುಕರ ಉಸಿರು ಕೇಳುತ್ತಿತ್ತು. ನಾನು ಮತ್ತೆ ಏಳಲಿಲ್ಲ.