ಸಾವಿರ ಹಲಸಿನ ಬೀಜ

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಒಂದು ಜೂನ್ ತಿಂಗಳಲ್ಲಿ ಕಕ್ಕಿಂಜೆ ಕಡೆಯ ಎಲಿಮೆಂಟರಿ ಶಾಲೆಯೊಂದಕ್ಕೆ ನಾನು ಬದಲಿ ಟೀಚರಾಗಿ ಹೋದೆ. ಅಲ್ಲಿನ ಟೀಚರು ಹೆರಿಗೆಗೆಂದು ತಾಯಿಮನೆಗೆ ಹೋಗಿದ್ದರು. ಅವರು ಮರಳುವವರೆಗೆ ಮೂರನೆಯ ಕ್ಲಾಸು ನನ್ನದು. ಬೆಳುವಾಯಿಯ ನಮ್ಮ ಮನೆಯಿಂದ ದಿನಾ ಹೋಗಿಬರುವಷ್ಟು ಹತ್ತಿರವಲ್ಲ. ಹಾಗಾಗಿ ಹೆಡ್‌ಮಾಸ್ತರರ ಮನೆಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡೆ. ನನಗಾಗ ಇಪ್ಪತ್ತು ವರ್ಷ. ಟ್ರೈನಿಂಗ್ ಮುಗಿಸಿ ಒಂದು ವರ್ಷ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಇಲ್ಲಿ ಒಳ್ಳೆಯ ಹೆಸರು ಬಂದರೆ ಎಲ್ಲಾದರೂ ಕೆಲಸ ಕಾಯಂ ಆದೀತು ಎಂಬ ಆಸೆ ಬಲವಾಗಿತ್ತು.

ಕ್ಲಾಸಿನಲ್ಲಿ ಇಪ್ಪತ್ತು ಮಕ್ಕಳು. ಮನೆಯಲ್ಲಿ ಎಲ್ಲರದ್ದೂ ತುಳು. ಕನ್ನಡ ಅವರಿಗೆ ಪುಸ್ತಕದ ಭಾಷೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ಹೊತ್ತಿಗೆ, ಇನ್ಸ್‌ಪೆಕ್ಟರು ಬರುತ್ತಾರೆ, ಕ್ಲಾಸಿನೊಳಗೆ ತುಳು ಮಾತಾಡಬಾರದು ಎಂದು ಹೆಡ್‌ಮಾಸ್ತರರು ಮೊದಲ ದಿನವೇ ಹೇಳಿದ್ದರು. ಅವರು ಹೇಳಿ ಮರೆತರು. ನಾನು ಮರೆಯಲಿಲ್ಲ. ತುಳುವಿನಲ್ಲಿ ಏನು ಕೇಳಿದರೂ "ಕನ್ನಡದಲ್ಲಿ ಹೇಳು" ಎನ್ನುತ್ತಿದ್ದೆ. ಮಕ್ಕಳು ಕೇಳುವುದನ್ನೇ ಬಿಟ್ಟರು.

ಎರಡು ವಾರ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈ ಬಿಳಿಯಾಯಿತೇ ಹೊರತು ಅವರ ಮುಖ ಬದಲಾಗಲಿಲ್ಲ. ಒಂದು ಮಧ್ಯಾಹ್ನ ಹೊರಗೆ ಬಂದಾಗ ಜಗಲಿಯ ಮೂಲೆಯಲ್ಲಿ ಅದೇ ಮಕ್ಕಳು ನೆಲದಲ್ಲಿ ಗುಳಿ ತೋಡಿ ಮಂಜೊಟ್ಟಿಯ ಕೆಂಪು ಕಾಯಿ ಹಾಕಿ ಚೆನ್ನೆಮಣೆ ಆಡುತ್ತಿದ್ದರು. ಬೆರಳು ಓಡುವ ವೇಗಕ್ಕೆ ಲೆಕ್ಕವೂ ಓಡುತ್ತಿತ್ತು. ಎಲ್ಲರಿಗಿಂತ ಚುರುಕಾಗಿದ್ದವಳು ಕ್ಲಾಸಿನಲ್ಲಿ ಬಾಯಿಯೇ ಬಿಡದ, ಹಿಂದಿನ ಸಾಲಿನ ಒಬ್ಬ ಸಣಕಲು ಹುಡುಗಿ. ಲೆಕ್ಕ ಇವರಿಗೆ ಬರುತ್ತದೆ, ನನಗೆ ಕಲಿಸಲು ಬರುತ್ತಿಲ್ಲ ಎಂದು ಆ ದಿನ ಗೊತ್ತಾಯಿತು.

ಮರುದಿನ ಒಬ್ಬೊಬ್ಬರೂ ಐವತ್ತು ಹಲಸಿನ ಬೀಜ ತರಬೇಕೆಂದೆ. ಸಾವಿರ ಎಂದರೆ ಎಷ್ಟು ಎಂಬುದನ್ನು ಕಣ್ಣಾರೆ ನೋಡುವ ಎಂದೆ. ಬೀಜಗಳು ಬಂದವು. ಮಳೆಗಾಲಕ್ಕೆಂದು ಕೆಂಪು ಮಣ್ಣು ಹಚ್ಚಿ ಇಟ್ಟವು ಕೆಲವು, ಆಗಷ್ಟೇ ಹಣ್ಣಿನಿಂದ ತೆಗೆದವು ಕೆಲವು. ಹತ್ತು ಬೀಜಕ್ಕೆ ಒಂದು ತೇಗದ ಎಲೆಯ ಕಟ್ಟು, ಹತ್ತು ಕಟ್ಟಿಗೆ ಒಂದು ಬುಟ್ಟಿ. ಹತ್ತು ಬುಟ್ಟಿ ಗೋಡೆಯ ಬದಿಯಲ್ಲಿ ಸಾಲಾಗಿ ನಿಂತವು. ಮಕ್ಕಳು ಕಟ್ಟು ಬಿಚ್ಚಿ ಕಳೆದರು, ಕಟ್ಟಿ ಕೂಡಿಸಿದರು. ಬಾಯಿಂದ ಕನ್ನಡದ ಸಂಖ್ಯೆಗಳು ತಾವಾಗಿ ಬಂದವು. ಆ ಹುಡುಗಿ ಕೂಡ ಪಿಸುದನಿಯಲ್ಲಿ ಹೇಳತೊಡಗಿದಳು.

ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ನೋಡಿದರು. "ಲೆಕ್ಕ ಬೋರ್ಡಿನ ಮೇಲೆ ಉಂಟು ಟೀಚರೇ, ಬುಟ್ಟಿಯಲ್ಲಿ ಅಲ್ಲ" ಎಂದರು. "ಇನ್ಸ್‌ಪೆಕ್ಟರು ಬಂದಾಗ ನೋಡಿ ಸರ್" ಎಂದೆ. ನನಗೆ ಅಷ್ಟು ಜಂಬ ಬಂದಿತ್ತು.

ಆಟಿ ಬಂತು. ಮಳೆ ಬಿಡಲಿಲ್ಲ. ಇನ್ಸ್‌ಪೆಕ್ಟರು ಬರುವುದಕ್ಕೆ ಒಂದು ವಾರ ಮೊದಲು ಎಣಿಸಿದಾಗ ಒಂದು ಕಟ್ಟು ಕಡಿಮೆ. ಮರುದಿನ ಎರಡು. ನಾಲ್ಕನೆಯ ದಿನಕ್ಕೆ ನಾಲ್ಕು. ಸಾವಿರ ತೋರಿಸುತ್ತೇನೆಂದು ನಾನು ಹೇಳಿಕೊಂಡಾಗಿತ್ತು. ಐದನೆಯ ದಿನ ಸಂಜೆ ಬೆಲ್ ಹೊಡೆದ ಮೇಲೆ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರ ಚೀಲ ಬಿಚ್ಚಿಸಿದೆ. ಚೀಲಗಳಲ್ಲಿ ಏನೂ ಸಿಗಲಿಲ್ಲ. ಆ ಹುಡುಗಿಯ ಲಂಗದ ಮಡಿಕೆಯಿಂದ ತೇಗದ ಎಲೆಯ ಕಟ್ಟು ಕೆಳಗೆ ಬಿತ್ತು.

"ಕಳ್ಳಿ" ಎಂದು ಯಾರೋ ಹಿಂದಿನಿಂದ ಹೇಳಿದರು. ನಾನು ಗದರಿಸಲಿಲ್ಲ.

"ಯಾಕೆ ತೆಗೆದೆ?"

"ಅವು ಎಂಕ್ಲೆನ ಟೀಚರೇ" ಎಂದಳು. ಅದು ನಮ್ಮದು ಎಂದು ಅರ್ಥ.

"ಕನ್ನಡದಲ್ಲಿ ಹೇಳು."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಒಂದು ಕೈಯ ಐದೂ ಬೆರಳು ಎತ್ತಿ ಹಿಡಿದು "ಐದು" ಎಂದಳು. ನಾಲ್ಕು ಬೆರಳು ಮಡಚಿ "ನಾಲ್ಕು" ಎಂದಳು. ಉಳಿದ ಬೆರಳಿನಿಂದ ನೆಲದ ಕಟ್ಟನ್ನು ತೋರಿಸಿ "ಒಂದು" ಎಂದಳು. ಅವಳ ಬಳಿ ಇದ್ದ ಕನ್ನಡ ಅಷ್ಟೇ, ನಾನು ಕಲಿಸಿದ್ದು. ಎಷ್ಟು ಕದ್ದಳೆಂದು ಒಪ್ಪಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಕಟ್ಟನ್ನು ಎತ್ತಿ ಬುಟ್ಟಿಗೆ ಹಾಕಿದೆ. ಅವಳು ಮಳೆಯಲ್ಲೇ ಹೊರಟುಹೋದಳು.

ಊಟಕ್ಕೆ ಕೂತಾಗ ನಡೆದದ್ದನ್ನು ಹೆಡ್‌ಮಾಸ್ತರರ ಹೆಂಡತಿಗೆ ಹೇಳಿದೆ. ಬಡಿಸುತ್ತಿದ್ದ ಅವರ ಕೈ ನಿಂತಿತು.

"ಅವಳು ತಂದದ್ದು ಎಷ್ಟು?"

"ಎಲ್ಲರೂ ಐವತ್ತು."

"ಅಂದರೆ ಐದು ಕಟ್ಟು. ಅವಳದ್ದನ್ನೇ ಅವಳು ಕೊಂಡುಹೋದದ್ದಲ್ವಾ ಟೀಚರೇ. ಆಟಿಯಲ್ಲಿ ಆ ಮನೆಯಲ್ಲಿ ಬೇರೆ ಎಂತ ಉಂಟು? ಬೀಜ ಬೇಯಿಸಿ ತಿಂದು ಮಲಗ್ತಾರೆ."

ಐದರಲ್ಲಿ ನಾಲ್ಕು ಕಳೆದರೆ ಒಂದು. ಅವಳು ಹೇಳಿದ್ದು ಆ ಲೆಕ್ಕ. ನಮ್ಮ ಮನೆಯಲ್ಲೂ ಹಲಸಿನ ಬೀಜ ಇಡುತ್ತಿದ್ದರು, ಸಾಂಬಾರಿಗೆ ಹಾಕಲು. ಅದೇ ಊಟವಾಗುವ ಮನೆ ಉಂಟೆಂದು ನಾನು ಯೋಚಿಸಿರಲಿಲ್ಲ.

ಮರುದಿನ ಹುಡುಗಿ ಬರಲಿಲ್ಲ. ಅದರ ಮರುದಿನ ಭಾನುವಾರ. ಬುಟ್ಟಿಯಲ್ಲಿ ಉಳಿದಿದ್ದ ಅವಳ ಐದನೆಯ ಕಟ್ಟು, ಒಂದು ಸೇರು ಅಕ್ಕಿ ಚೀಲದಲ್ಲಿ ಹಾಕಿಕೊಂಡು ದಾರಿ ಕೇಳುತ್ತಾ ಹೋದೆ. ಮಳೆನೀರು ಹರಿಯುವ ತೋಡು ದಾಟಿ ಗುಡ್ಡದ ಬುಡದಲ್ಲಿ ಹುಲ್ಲು ಹೊದೆಸಿದ ಒಂದೇ ಕೋಣೆಯ ಮನೆ. ತಾಯಿ ಹೊರಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ತುಳುವಿನಲ್ಲಿ, "ತಪ್ಪಾಯಿತು ಟೀಚರೇ" ಎಂದರು. "ಶಾಲೆಗೆ ಬೇಕು ಅಂದಳು, ಕೊಟ್ಟೆ. ಮನೆಯಲ್ಲಿ ಮುಗಿದ ಮೇಲೆ ಟೀಚರ ಹತ್ತಿರ ವಾಪಸ್ ಕೇಳು ಅಂದೆ. ಕೇಳಲಿಕ್ಕೆ ಕನ್ನಡ ಬರುವುದಿಲ್ಲ ಅಂದಳು. ಮತ್ತೆ ದಿನಾ ಒಂದೊಂದು ಕಟ್ಟು ತಂದಳು. ಟೀಚರು ಕೊಟ್ಟದ್ದು ಅಂತ ನಾನು ತಿಳಿದೆ."

"ತಪ್ಪು ನನ್ನದು" ಎಂದು ನಾನೂ ತುಳುವಿನಲ್ಲೇ ಹೇಳಿದೆ. ಆ ಮಾತು ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಟೀಚರು ತಪ್ಪು ಮಾಡುವುದು ಹೇಗೆ ಎಂಬಂತೆ ನೋಡಿದರು. ಹುಡುಗಿಯನ್ನು ಕರೆದರು. ಒಳಗಿನ ಕತ್ತಲೆಯಲ್ಲಿ ಅವಳ ಕಾಲು ಕಂಡಿತು, ಅವಳು ಬರಲಿಲ್ಲ. ಸೋಮವಾರ ಕಳಿಸುತ್ತೇನೆ ಎಂದರು ತಾಯಿ. ನೀರು, ಬೆಲ್ಲ ಕೊಟ್ಟರು. ಬೇಡವೆನ್ನಲಾಗದೆ ಬೆಲ್ಲ ತಿಂದು ಬಂದೆ.

ಸೋಮವಾರ ಅವಳು ಬರಲಿಲ್ಲ. ಇನ್ಸ್‌ಪೆಕ್ಟರು ಬಂದರು. ಕಡಿಮೆಯಾದ ಐವತ್ತು ಬೀಜಗಳನ್ನು ಹೆಡ್‌ಮಾಸ್ತರರ ಹೆಂಡತಿ ತಮ್ಮ ಅಟ್ಟದಿಂದ ಇಳಿಸಿ ಕೊಟ್ಟಿದ್ದರು. "ಸಾವಿರ ಎಂದರೆ ಎಷ್ಟು?" ಎಂದು ಇನ್ಸ್‌ಪೆಕ್ಟರು ಕೇಳಿದಾಗ ಹತ್ತೊಂಬತ್ತು ಕೈಗಳು ಬುಟ್ಟಿಗಳ ಕಡೆ ಚಾಚಿದವು. ಅವರು ಒಂದು ಕಟ್ಟು ಬಿಚ್ಚಿ ನೋಡಿ ನಕ್ಕರು. ನನ್ನ ಪಾಠದ ಬಗ್ಗೆ ಪುಸ್ತಕದಲ್ಲಿ ನಾಲ್ಕು ಒಳ್ಳೆಯ ಸಾಲು ಬರೆದರು. ಹೆಡ್‌ಮಾಸ್ತರರಿಗೂ ಖುಷಿಯಾಯಿತು. ಆ ಸಾಲುಗಳಿಂದಲೇ ಮುಂದಿನ ವರ್ಷ ಬಂಟ್ವಾಳದ ಹತ್ತಿರ ನನಗೆ ಕಾಯಂ ಕೆಲಸ ಸಿಕ್ಕಿತು.

ಇನ್ಸ್‌ಪೆಕ್ಟರು ಹೋದ ಸಂಜೆ ಬುಟ್ಟಿಗಳನ್ನು ಬಿಚ್ಚಿ, ಅವರವರ ಐವತ್ತು ಬೀಜ ಅವರವರಿಗೆ ಎಣಿಸಿ ಕೊಟ್ಟೆ. ಏಳೆಂಟು ಮಕ್ಕಳು ಕೂಡಲೇ ಎರಡೂ ಕೈಯಲ್ಲಿ ತೆಗೆದುಕೊಂಡದ್ದನ್ನು ನೋಡಿದೆ. ಅವರೂ ಕಾಯುತ್ತಿದ್ದರು.

ಆ ಹುಡುಗಿಯನ್ನು ಕೊಕ್ಕಡದ ಕಡೆ ಚಿಕ್ಕಮ್ಮನ ಮನೆಗೆ ಮಗು ನೋಡಿಕೊಳ್ಳಲು ಕಳಿಸಿದರೆಂದು ಆಮೇಲೆ ತಿಳಿಯಿತು. ಬಡತನಕ್ಕೆ ಕಳಿಸಿದ್ದು, ನಿಮ್ಮಿಂದ ಅಲ್ಲ ಎಂದು ಹೆಡ್‌ಮಾಸ್ತರರ ಹೆಂಡತಿ ಹೇಳಿದರು. ನಿಜವೂ ಇರಬಹುದು. ನಾನು ಮುಂದೆ ಮೂವತ್ತು ವರ್ಷ ಪಾಠ ಮಾಡಿದೆ, ಕಲ್ಲು, ಕಡ್ಡಿ, ಎಲೆ ಎಲ್ಲವನ್ನೂ ಕ್ಲಾಸಿಗೆ ತಂದೆ. ಮನೆಯಿಂದ ತನ್ನಿ ಎಂದು ಮಾತ್ರ ಯಾವ ಮಗುವಿಗೂ ಹೇಳಲಿಲ್ಲ.