ಗುರುನಾಥ ಕಾಕಾನ ಮೈಲೇಜು

ಮೇ ತಿಂಗಳ ಸುಡುಬಿಸಿಲಲ್ಲೂ ಗುರುನಾಥ ಕಾಕಾ ತಮ್ಮ ಪಿಕಪ್ಪಿನ ಗಾಜು ಇಳಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಬೆವರಿನಲ್ಲಿ ತೊಯ್ದುಹೋದ ನಾನು ಹಿಡಿಕೆಗೆ ಕೈ ಹಾಕಿದರೆ, "ಏ, ಬ್ಯಾಡ! ಗಾಳಿ ಎಣ್ಣಿ ಕುಡಿತದ" ಎನ್ನುತ್ತಿದ್ದರು. ಎಣ್ಣೆ ಎಂದರೆ ಡೀಸೆಲ್; ಗಾಜು ಇಳಿಸಿದರೆ ಗಾಳಿ ತಡೆದು ಅದು ಹೆಚ್ಚು ಸುಡುತ್ತದೆಂದು ಅವರ ಲೆಕ್ಕ.

ಪುಣೆಯ ಹಡಪಸರದಲ್ಲಿ ನನಗೆ ಮೇಲಿನ ಕೋಣೆ ಬಾಡಿಗೆಗೆ ಕೊಟ್ಟವರು ಅವರು. ಕಲಬುರಗಿ ಕಡೆಯಿಂದ ಬಂದು, ಗಾರೆ ಕೆಲಸ ಮಾಡಿ, ಕೊನೆಗೆ ಸ್ವಂತ ಪಿಕಪ್ ಕೊಂಡು ಟೈಲ್ಸು ಸಾಗಿಸುತ್ತಿದ್ದರು. ದೇವರ ಮೇಲಾದರೂ ಆಗಾಗ ಮುನಿಸಿಕೊಳ್ಳುತ್ತಿದ್ದರು, ಗಾಡಿ ಕಂಪನಿಯ ಮಾತನ್ನು ಮಾತ್ರ ಎಂದೂ ಅನುಮಾನಿಸಿದವರಲ್ಲ. ಲೀಟರಿಗೆ ಹದಿನೇಳು ಕಿಲೋಮೀಟರ್ ಎಂದು ಕಂಪನಿ ಹೇಳಿತ್ತು. ಕಾಕಾಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ. "ಅಷ್ಟು ದೊಡ್ಡ ಮಂದಿ ಸುಳ್ಳ ಹೇಳ್ತಾರೇನು? ತಪ್ಪು ಗಾಡೀದಲ್ಲ, ನಮ್ಮ ಕಾಲಿಂದು" ಎಂದು ತಮ್ಮ ಬಲಗಾಲನ್ನೇ ಬೈದುಕೊಳ್ಳುತ್ತಿದ್ದರು.

ಇಷ್ಟೇ ಆಗಿದ್ದರೆ ನಗೆಯಲ್ಲೇ ಮುಗಿಯುತ್ತಿತ್ತು. ಆದರೆ ಅವರ ಮಾತು ನಂಬಿ, ಸಾಸವಡದಲ್ಲಿ ಅಂಜೂರ ಸಾಗಿಸುವ ಶರಣಪ್ಪ, ಕಾಕಾನ ಹೆಂಡತಿ ಕಾಕುವಿನ ಒಬ್ಬನೇ ತಮ್ಮ, ಅಂಥದೇ ಗಾಡಿ ಕೊಂಡ. ಮೈಲೇಜು ಹನ್ನೊಂದರ ಮೇಲೆ ಏರಲಿಲ್ಲ. ಕೇಳಲು ಬಂದವನಿಗೆ ಕಾಕಾ, "ನಿನ್ನ ಕಾಲು ಭಾಳ ಭಾರ ಅದ" ಎಂದುಬಿಟ್ಟರು. ಸಿಟ್ಟಿನಿಂದ ಹೋದವನು ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬರಲೇ ಇಲ್ಲ. ಕಾಕು ದಿನವೆಲ್ಲ ಬಾಗಿಲು ನೋಡಿ, ಸಂಜೆ ಅತ್ತರು. ನನಗೆ ಕಾಕಾನ ಮೇಲೂ ಕಂಪನಿಯ ಮೇಲೂ ಒಟ್ಟಿಗೇ ಕೋಪ ಬಂತು.

"ನಡಿ, ನಾನ ಬಿಟ್ಟು ಬರ್ತೀನಿ. ಹಂಗ ಹದಿನೇಳು ತೆಗದು ತೋರಸ್ತೀನಿ" ಎಂದು ಕಾಕಾ ಕಾಕುವಿಗೆ ಹೇಳಿದರು. ಹಡಪಸರದಲ್ಲಿ ಟ್ಯಾಂಕ್ ತುಂಬಿಸುವುದು, ಸಾಸವಡದಲ್ಲಿ ಮತ್ತೆ ತುಂಬಿಸಿ ಗಾಡಿ ಎಷ್ಟು ಕುಡಿಯಿತೆಂದು ನೋಡುವುದು. ಶರಣಪ್ಪ ಪೆಟ್ರೋಲ್ ಪಂಪಿಗೇ ಬರಬೇಕು, ಸಾಕ್ಷಿಗೆ ನಾನು. ಮರುದಿನ ಬೆಳಿಗ್ಗೆ ಸ್ಟೆಪ್ನಿ, ಜ್ಯಾಕ್, ತಾಡಪತ್ರಿ ಎಲ್ಲವನ್ನೂ ಇಳಿಸಿ ಗಾಡಿ ಹಗುರ ಮಾಡಿದರು. ನನ್ನ ಕೊಡೆಯನ್ನೂ ಬಿಡಲಿಲ್ಲ. ಅಷ್ಟರಲ್ಲಿ ಕಾಕು ಹಬ್ಬಕ್ಕೆ ಕಟ್ಟಿದ ಉಂಡಿಯ ದೊಡ್ಡ ಡಬ್ಬಿ ಹೊತ್ತು ಬಂದರು.

"ಅದನ್ನ ಇಲ್ಲೇ ಇಡು. ಕಂಪನ್ಯಾಗ ಖಾಲಿ ಗಾಡಿ ಓಡಿಸಿ ನೋಡಿರ್ತಾರ."

"ತವರಿಗೆ ಬರಿಗೈಲೆ ಹೋಗೂದೇನ್ರಿ? ನಿಮ್ಮ ಕಂಪನಿ ಮಂದಿಗೆ ಅಕ್ಕ-ತಂಗೇರಿಲ್ಲೇನು?"

ಕಾಕಾ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಡಬ್ಬಿ ಏರಿತು, ಅದರ ಹಿಂದೆ ಜೋಳದ ಚೀಲ, ತಮ್ಮನ ಮಕ್ಕಳ ಬಟ್ಟೆ. ಸ್ಟೆಪ್ನಿಯನ್ನು ಕಾಕಾ ತಾವೇ ಮತ್ತೆ ಎತ್ತಿ ಹಾಕಿಕೊಂಡರು. ಘಾಟಿನ ಏರಿನಲ್ಲಿ ಗಾಡಿ ಎಣ್ಣೆಯನ್ನು ಮಜ್ಜಿಗೆಯ ಹಾಗೆ ಕುಡಿಯಿತು.

ಸಾಸವಡದಲ್ಲಿ ಲೆಕ್ಕ ಹಾಕಿದರೆ ಹತ್ತೂ ದಾಟಿರಲಿಲ್ಲ. ಶರಣಪ್ಪ ಕೈಕಟ್ಟಿ ನಿಂತಿದ್ದ. ಕಾಕಾ ಅವನ ಹೆಗಲ ಮೇಲೆ ಕೈಯಿಟ್ಟು, "ತಪ್ಪು ನಿನ್ನ ಕಾಲಿಂದಲ್ಲೋ. ಕಂಪನಿ ಗಾಡಿ ಬರಿಗೈಲೆ ಹೋಗ್ತದ. ನಮಗ ಹಂಗ ಹೋಗಾಕ ಬರಂಗಿಲ್ಲ" ಎಂದರು. ಅಷ್ಟು ವರ್ಷದ ಭಕ್ತಿಯನ್ನು ಹೆಂಡತಿಗಾಗಿ ಒಂದು ಮಾತಿನಲ್ಲಿ ಬಿಟ್ಟುಕೊಟ್ಟ ಅವರ ಮೇಲೆ ನನಗೆ ತುಂಬ ಪ್ರೀತಿ ಉಕ್ಕಿತು. ಶರಣಪ್ಪ ಡಬ್ಬಿಗೆ ಕೈ ಹಾಕಿ ಒಂದು ಉಂಡಿ ಬಾಯಿಗಿಟ್ಟುಕೊಂಡ.

"ಮಾಮಾ, ನಿಮ್ಮ ಮೈಲೇಜ್ ಎಲ್ಲಾ ಇದ್ರಾಗ ಅದ ನೋಡ್ರಿ."

ಆಮೇಲೂ ಕಾಕಾ ಗಾಜು ಮಾತ್ರ ಇಳಿಸಲಿಲ್ಲ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಈ ಪಂಚಮಿಗೂ ಶರಣಪ್ಪ ಬಂದು ತನ್ನ ಪಿಕಪ್ಪನ್ನು ಬಾಗಿಲಲ್ಲಿ ನಿಲ್ಲಿಸಿದ. ಉಂಡಿ ಡಬ್ಬಿಯನ್ನು ನಾನೇ ಏರಿಸಿದೆ. ಗಾಡಿ ಹೊರಟಾಗ ಕಾಕು ನನಗೆ ಏನೋ ಹೇಳಲೆಂದು ಗಾಜು ಇಳಿಸತೊಡಗಿದರು.

"ಬ್ಯಾಡ ಅಕ್ಕಾ," ಅಂದ ಶರಣಪ್ಪ, "ಗಾಳಿ ಎಣ್ಣಿ ಕುಡಿತದ."

ಕಾಕು ಗಾಜು ಏರಿಸಿ, ಒಳಗಿನಿಂದಲೇ ನನಗೆ ಕೈ ಬೀಸಿದರು.