ಭರ್ತಿ ಅಕ್ಕ ಬಿಡದ ಖಾಲಿ ಖಾನೆ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿರುವ ಆಕೆಯನ್ನು ಎಲ್ಲರೂ ಭರ್ತಿ ಅಕ್ಕ ಎನ್ನುತ್ತಾರೆ. ಯಾವ ಅರ್ಜಿಯಲ್ಲೂ ಅವರು ಒಂದು ಖಾನೆಯನ್ನೂ ಖಾಲಿ ಬಿಟ್ಟವರಲ್ಲ. ಮಗಳ ಶಾಲೆಯ ಅರ್ಜಿಯಲ್ಲಿ ‘ಇತರೆ’ ಎಂಬಲ್ಲಿಯೂ ‘ಏನೂ ಇಲ್ಲ’ ಎಂದು ಬರೆದಿದ್ದರು.

ವಾರ್ಡಿನ ಕಂಪ್ಯೂಟರು ಕಳಿಸುವ ರೋಗಿಯ ವಿವರವನ್ನು ಗಂಟು ಕಟ್ಟಿ, ಔಷಧ ವಿಭಾಗದಲ್ಲೂ ವಾರ್ಡಿನ ಪರದೆಗಳಲ್ಲೂ ಬಿಚ್ಚಿ ತೋರಿಸುವುದು ‘ಲೈಬ್ರರಿ’ ಎಂಬ ಸಿದ್ಧ ತಂತ್ರಾಂಶ. ಹಳೆಯದನ್ನು ಇನ್ನು ದುರಸ್ತಿ ಮಾಡುವುದಿಲ್ಲವೆಂದು ತಯಾರಕರು ಕೈಚೆಲ್ಲಿದ್ದರು. ಭರ್ತಿ ಅಕ್ಕ ಮುನ್ನೂರು ಮಾದರಿ ರೋಗಿಗಳನ್ನು ಸೃಷ್ಟಿಸಿ, ಎರಡು ವಾರ ಪರೀಕ್ಷಿಸಿ, ಒಂದು ಬೆಳಿಗ್ಗೆ ಎಂಟಕ್ಕೆ ಹೊಸದನ್ನು ಹಾಕಿದರು.

ಹತ್ತೂವರೆಗೆ ಔಷಧ ವಿಭಾಗದಿಂದ ಫೋನು ಬಂತು.

“ಏನಕ್ಕಾ, ನಿಮ್ಮ ಗಾಳಿ ನರ್ಸ್‌ಗಳಿಗೂ ಬೀಸ್ತಾ? ಅಲರ್ಜಿ ಖಾನೇನ ಅರ್ಧ ಜನ ಖಾಲಿ ಬಿಡ್ತಿದ್ರು. ಇವತ್ತು ಎಲ್ಲಾ ಕಡೆ ‘ಇಲ್ಲ’ ಅಂತ ಭರ್ತಿ ಆಗಿದೆ!”

ಭರ್ತಿ ಅಕ್ಕ ಫೋನಿಟ್ಟು ಪರದೆ ತೆರೆದು ನೋಡಿದರು. ಖಾಲಿ ಎಂದರೆ ಇನ್ನೂ ಕೇಳಿಲ್ಲ, ಇಂಜೆಕ್ಷನ್ ಚುಚ್ಚುವ ಮೊದಲು ಕೇಳಬೇಕು ಎಂದರ್ಥ. ಹೊಸ ಲೈಬ್ರರಿ ಖಾಲಿಯನ್ನೇ ‘ಇಲ್ಲ’ ಎಂದು ಬಿಚ್ಚುತ್ತಿತ್ತು. ಅವರ ಮುನ್ನೂರು ಮಾದರಿಗಳಲ್ಲಿ ಖಾಲಿ ಖಾನೆ ಒಂದೂ ಇರಲಿಲ್ಲ.

ಹಳೆಯದನ್ನು ಮರಳಿ ಹಾಕಿ, ವಾರ್ಡುಗಳಿಗೆಲ್ಲ ಫೋನು ಮಾಡಿದರು. ಮಹಿಳಾ ವಾರ್ಡಿನವರು ಮಾತ್ರ ಎತ್ತಲಿಲ್ಲ. ಲಿಫ್ಟಿಗೆ ಕಾಯದೆ ನಾಲ್ಕು ಮಹಡಿ ಹತ್ತಿ ಓಡಿದರು.

ಒಬ್ಬ ಅಜ್ಜಿಯ ಮಂಚದ ಪಕ್ಕ ನರ್ಸ್ ಖಾಲಿ ಸಿರಿಂಜನ್ನು ಡಬ್ಬಿಗೆ ಹಾಕುತ್ತಿದ್ದಳು.

“ಈ ಅಜ್ಜಿಗೆ ಅಲರ್ಜಿ ಇದ್ಯಾ ಅಂತ ಕೇಳಿದ್ಯಾ?”

“ಸ್ಕ್ರೀನಲ್ಲೇ ಇಲ್ಲ ಅಂತಿತ್ತಲ್ಲಕ್ಕಾ.”

“ಅದು ಅಜ್ಜಿ ಹೇಳಿದ್ದಲ್ಲ ಕಣೆ, ನನ್ನ ತಪ್ಪು. ಡಾಕ್ಟರನ್ನ ಕರಿ!”

ಭರ್ತಿ ಅಕ್ಕ ಮಂಚದ ಪಕ್ಕ ಕುಳಿತು ಅಜ್ಜಿಯ ತುಟಿ, ಕತ್ತು, ಉಸಿರನ್ನೇ ನೋಡತೊಡಗಿದರು.

“ಯಾರಮ್ಮಾ ನೀನು? ಯಾಕೆ ಹಾಗೆ ನೋಡ್ತಿದ್ದೀಯಾ?”

“ಕಂಪ್ಯೂಟರ್ ರಿಪೇರಿಯವಳು ಅಜ್ಜಿ. ಮೊದಲು ಯಾವಾಗಾದ್ರೂ ಇಂಜೆಕ್ಷನ್‌ಗೆ ಮೈ ಊದ್ಕೊಂಡಿತ್ತಾ?”

“ಹುಟ್ಟಿದ ಮೇಲೆ ಇದೇ ಮೊದಲ್ನೇ ಇಂಜೆಕ್ಷನ್ನು. ಯಾಕೆ, ನಾನೇನು ಕೆಟ್ಟೋಗಿದೀನಾ ರಿಪೇರಿ ಮಾಡೋಕೆ?”

ಡಾಕ್ಟರು ಬಂದು, ಒಂದು ಗಂಟೆ ಕಾಯೋಣ ಎಂದರು. ಇಪ್ಪತ್ತನೇ ನಿಮಿಷಕ್ಕೆ ಅಜ್ಜಿ ಕತ್ತು ಕೆರೆದುಕೊಂಡರು. ಭರ್ತಿ ಅಕ್ಕ ಎದ್ದು ಬಗ್ಗಿ ಕತ್ತು ನೋಡಿದರು.

“ದಿಂಬಿನ ದಾರ ಚುಚ್ತಿದೆ ಕಣಮ್ಮಾ.”

ಗಂಟೆ ಕಳೆಯಿತು. ಅಜ್ಜಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

“ಅಕ್ಕಾ, ಈಗ ‘ಇಲ್ಲ’ ಅಂತ ಹಾಕ್ಲಾ?” ಎಂದಳು ನರ್ಸ್.

“ನನ್ನ ಕೇಳ್ಬೇಡ. ಡಾಕ್ಟರನ್ನ ಕೇಳು.”

ಕೆಳಗಿಳಿದು, ಮುನ್ನೂರ ಒಂದನೇ ಮಾದರಿ ರೋಗಿಗೆ ಹೆಸರು, ವಯಸ್ಸು ತುಂಬಿದರು. ಅಲರ್ಜಿಯ ಖಾನೆಯನ್ನು ಹಾಗೇ ಖಾಲಿ ಬಿಟ್ಟು ಪರೀಕ್ಷೆಯ ಗುಂಡಿ ಒತ್ತಿದರು.